ಹನ್ನೊಂದು ಮೊಟ್ಟೆಗಳ ಲೆಕ್ಕ

ನಾವು ಮಂಗಳೂರಿನ ಒಂದು ಫ್ಲ್ಯಾಟ್‌ನಲ್ಲಿ ವಾಸವಾಗಿದ್ದ ಕಾಲ. 2014ರ ಮಾರ್ಚ್ ತಿಂಗಳು. ಒಂದು ಬೆಳಿಗ್ಗೆ ಮಕ್ಕಳ ಹಾಸಿಗೆ ಮಡಚಲು ಹೋದರೆ ಮಗನ ಹೊದಿಕೆಯೊಳಗೆ ಕೈಗೆ ಏನೋ ಅಂಟಂಟಾಗಿ ತಾಗಿತು. ಬಿಡಿಸಿ ನೋಡಿದರೆ ಒಡೆದ ಮೊಟ್ಟೆ. ಐದು ವರ್ಷದ ಮಗ ಬಾಗಿಲಿನ ಮರೆಯಲ್ಲಿ ನಿಂತು ಬಿಕ್ಕುತ್ತಿದ್ದ. ವಿಚಾರಿಸಿದರೆ, ಹಿಂದಿನ ರಾತ್ರಿ ಫ್ರಿಜ್‌ನಿಂದ ಒಂದು ಮೊಟ್ಟೆ ತೆಗೆದು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ಮಲಗಿದ್ದನಂತೆ. ಶಾಲೆಯ ಚಿತ್ರ ಪುಸ್ತಕದಲ್ಲಿ ಮೊಟ್ಟೆಯ ಮೇಲೆ ಕೂತ ಕೋಳಿಯನ್ನು ನೋಡಿದ್ದನಲ್ಲ, ಅದರ ಫಲ ಇದು.

"ಮರಿ ಬರ್ಲಿಲ್ಲ ಉಮ್ಮಾ, ಬರೀ ನೀರು ಬಂತು" ಎಂದ.

ಎಂಟು ವರ್ಷದ ಮಗಳು ಹಾಸಿಗೆಯ ಮೇಲೆ ಬಿದ್ದು ನಕ್ಕಳು. "ಅಂಗಡಿ ಮೊಟ್ಟೆಯಲ್ಲಿ ಮರಿ ಇರುವುದಿಲ್ಲ ಮಾರಾಯ. ಅದನ್ನು ಫ್ಯಾಕ್ಟರಿಯಲ್ಲಿ ಮಾಡ್ತಾರೆ."

ನಾನೂ ನಕ್ಕೆ. ಆದರೆ ಆಮೇಲೆ ಅಡುಗೆ ಮನೆಯಲ್ಲಿ ನಿಂತು ಯೋಚಿಸಿದಾಗ ನಗು ಬರಲಿಲ್ಲ. ಮಗಳು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಅಂಗಡಿಗೆ ಬರುವ ಮೊಟ್ಟೆಗಳು ಸಾವಿರಾರು ಹೇಂಟೆಗಳನ್ನು ಗೂಡುಗಳಲ್ಲಿ ಸಾಲಾಗಿ ಕೂಡಿಟ್ಟ ಫಾರಂಗಳಿಂದ ಬರುತ್ತವೆ. ಅಲ್ಲಿ ಹುಂಜವೇ ಇರುವುದಿಲ್ಲ. ಹುಂಜದ ಸಂಪರ್ಕವಿಲ್ಲದೆ ಇಟ್ಟ ಮೊಟ್ಟೆಗೆ ಎಷ್ಟು ಕಾವು ಕೊಟ್ಟರೂ ಮರಿಯಾಗುವುದಿಲ್ಲ. ನನ್ನ ಮಗಳಿಗೆ ಮೊಟ್ಟೆ ಎಂದರೆ ಮೂವತ್ತರ ಟ್ರೇ, ಕೋಳಿ ಎಂದರೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬರುವ ಮಾಂಸ. ಕೋಳಿಗಳ ನಡುವೆಯೇ ಬೆಳೆದ ನಾನು ನನ್ನ ಮಕ್ಕಳನ್ನು ಹೀಗೆ ಬೆಳೆಸುತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು.

ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದೆ. ನೇತ್ರಾವತಿಯ ದಡದಲ್ಲಿ ಅಡಿಕೆ, ತೆಂಗು, ಒಂದಿಷ್ಟು ಗದ್ದೆ ಇರುವ ಮನೆ. ನನ್ನ ಪತಿ ಸೌದಿಯಲ್ಲಿದ್ದರು. ಉಮ್ಮನಿಗೆ ಮೊಟ್ಟೆಯ ಕತೆ ಹೇಳಿದಾಗ ಅವರು ಮಗನ ತಲೆ ಸವರಿ, "ನೀನು ಮಾಡಿದ್ದು ಸರಿಯೇ ಮಗಾ. ಮೊಟ್ಟೆ ಸರಿ ಇರಲಿಲ್ಲ ಅಷ್ಟೇ. ಬಾ, ಇಲ್ಲೊಬ್ಬಳು ಕೂರಲು ತಯಾರಾಗಿದ್ದಾಳೆ" ಎಂದರು.

ಹಿತ್ತಿಲ ಕೋಣೆಯಲ್ಲಿ ಕರಿ ಹೇಂಟೆಯೊಂದು ಖಾಲಿ ಬುಟ್ಟಿಯಲ್ಲಿ ಮೈ ಉಬ್ಬಿಸಿ ಕೂತಿತ್ತು. ಹತ್ತಿರ ಹೋದರೆ ಗುರುಗುಟ್ಟುತ್ತಿತ್ತು. ಏಪ್ರಿಲ್ 12ರ ಸಂಜೆ ಉಮ್ಮ ಬುಟ್ಟಿಗೆ ಹೊಸ ಬೈಹುಲ್ಲು ಹಾಸಿ, ತಾವು ಕೂಡಿಟ್ಟಿದ್ದ ಹನ್ನೊಂದು ನಾಟಿ ಮೊಟ್ಟೆಗಳನ್ನು 'ಬಿಸ್ಮಿಲ್ಲಾ' ಎನ್ನುತ್ತಾ ಒಂದೊಂದಾಗಿ ಇಟ್ಟರು. ಬೇಸಿಗೆಯ ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಕಬ್ಬಿಣದ ಮೊಳೆ ಮತ್ತು ಇದ್ದಿಲ ತುಂಡನ್ನೂ ಇಟ್ಟರು. "ಇದರಿಂದೆಲ್ಲ ಏನಾಗುತ್ತದೆ?" ಎಂದೆ. "ಏನೂ ಆಗದಿದ್ದರೆ ನಷ್ಟವೂ ಇಲ್ಲವಲ್ಲ" ಎಂದರು.

ಮಗಳು ಹಳೆಯ ನೋಟ್ ಪುಸ್ತಕವೊಂದನ್ನು ತೆಗೆದು ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದಳು: 'ಮೊಟ್ಟೆ - 11.'

ಇಪ್ಪತ್ತೊಂದು ದಿನ. ರಿಮೋಟ್ ಒತ್ತಿದರೆ ಚಿತ್ರ ಬರುವ, ಗುಂಡಿ ಒತ್ತಿದರೆ ಲಿಫ್ಟ್ ಬರುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ಇದು ಎಷ್ಟು ದೀರ್ಘ ಕಾಲವೆಂದು ನೀವೇ ಊಹಿಸಿ. ಮಗ ಬೆಳಿಗ್ಗೆ ಎದ್ದವನೇ ಮುಖ ತೊಳೆಯದೆ ಬುಟ್ಟಿಯ ಬಳಿ ಓಡುತ್ತಿದ್ದ. "ಇವತ್ತು ಬರುತ್ತದಾ?" ಎಂಬುದು ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ. ಆಗ ಲೋಕಸಭಾ ಚುನಾವಣೆಯ ಸಮಯ. ಏಪ್ರಿಲ್ 17ಕ್ಕೆ ನಮ್ಮಲ್ಲಿ ಮತದಾನ. ಊರಿಗೆಲ್ಲ ಸೀಟುಗಳ ಲೆಕ್ಕಾಚಾರ, ನಮ್ಮ ಮನೆಯಲ್ಲಿ ಮೊಟ್ಟೆಗಳ ಲೆಕ್ಕಾಚಾರ.

ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ ಎಂಬುದನ್ನು ಮಕ್ಕಳು ಆ ಹೇಂಟೆಯಿಂದ ಕಲಿತರು. ಅದು ದಿನಕ್ಕೊಮ್ಮೆ ಮಾತ್ರ ಎದ್ದು, ನುಚ್ಚು ತಿಂದು, ನೀರು ಕುಡಿದು, ಬೂದಿಯಲ್ಲಿ ಹೊರಳಿ, ಕಾಲು ಗಂಟೆಯಲ್ಲಿ ಮತ್ತೆ ಬುಟ್ಟಿ ಸೇರುತ್ತಿತ್ತು. ಎದೆಯ ಕೆಳಗಿನ ಪುಕ್ಕಗಳನ್ನು ತಾನೇ ಕಿತ್ತು ಬೋಳು ಮಾಡಿಕೊಂಡಿತ್ತು. ಮೈಯ ಬಿಸಿ ನೇರವಾಗಿ ಮೊಟ್ಟೆಗೆ ತಾಗಬೇಕಲ್ಲ. ಕೊಕ್ಕಿನಿಂದ ಆಗಾಗ ಮೊಟ್ಟೆಗಳನ್ನು ಹೊರಳಿಸುತ್ತಿತ್ತು. ಹೊರಳಿಸದಿದ್ದರೆ ಒಳಗೆ ಬೆಳೆಯುವ ಜೀವ ಚಿಪ್ಪಿನ ಒಳಪೊರೆಗೆ ಅಂಟಿಕೊಂಡುಬಿಡುತ್ತದೆ. ಇದನ್ನು ಅದಕ್ಕೆ ಹೇಳಿಕೊಟ್ಟವರು ಯಾರು? ಮಗಳು ಕೇಳಿದಾಗ ಉಮ್ಮ, "ನಿನಗೆ ಹುಟ್ಟಿದ ಕೂಡಲೇ ಹಾಲು ಚೀಪಲು ಕಲಿಸಿದವನೇ ಅದಕ್ಕೂ ಕಲಿಸಿದ್ದಾನೆ" ಎಂದರು.

ಹೇಂಟೆ ಎದ್ದು ಹೋದಾಗ ಉಮ್ಮ ಒಂದು ಮೊಟ್ಟೆಯನ್ನೆತ್ತಿ ತಮ್ಮ ಮುಚ್ಚಿದ ಕಣ್ಣಿನ ರೆಪ್ಪೆಗೆ ಒತ್ತಿ ಬಿಸಿ ನೋಡುತ್ತಿದ್ದರು. ಮಕ್ಕಳಿಗೂ ಹಾಗೆ ಮಾಡಿಸಿದರು. ಇದು ನಮ್ಮ ಉಮ್ಮನ ಅಜ್ಜಿ ಕಾಲದ ಯಾವುದೋ ಕ್ರಮವೆಂದು ಭಾವಿಸಿದ್ದೆ. ಎಷ್ಟೋ ವರ್ಷಗಳ ನಂತರ ಓದಿದೆ, ಈಜಿಪ್ಟಿನಲ್ಲಿ ಹಸಿ ಇಟ್ಟಿಗೆಯ ದೊಡ್ಡ ಒಲೆಗಳಲ್ಲಿ ಸಾವಿರಾರು ಮೊಟ್ಟೆಗಳಿಗೆ ಕಾವು ಕೊಡುವ ಪದ್ಧತಿ ಪ್ರಾಚೀನ ಕಾಲದಿಂದ ನಡೆದುಬಂದಿತ್ತು. ಸುಮಾರು 1200ರ ಹೊತ್ತಿಗೆ ಅಲ್ಲಿಗೆ ಹೋಗಿದ್ದ ವೈದ್ಯ, ವಿದ್ವಾಂಸ ಅಬ್ದುಲ್ಲತೀಫ್ ಅಲ್ ಬಗ್ದಾದಿ ಆ ಒಲೆಗಳ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾರೆ. ಉಷ್ಣಮಾಪಕವಿಲ್ಲದ ಆ ಕೆಲಸಗಾರರೂ ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿಯೇ ಬಿಸಿ ಅಳೆಯುತ್ತಿದ್ದರು. ಈಗಿನ ಯಂತ್ರಗಳಲ್ಲಿ 37.5 ಡಿಗ್ರಿ ಸೆಲ್ಸಿಯಸ್ ಎಂದು ಅಂಕೆಯಲ್ಲಿ ಕಾಣುವುದನ್ನು ನಮ್ಮ ಉಮ್ಮನ ರೆಪ್ಪೆ ಹೇಳುತ್ತಿತ್ತು.

ಎಂಟನೆಯ ದಿನ ರಾತ್ರಿ ಕೋಣೆಯ ದೀಪ ಆರಿಸಿ, ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆ ಇಟ್ಟು ನೋಡಿದೆವು. ಚಿಪ್ಪಿನೊಳಗೆ ಕೆಂಪು ನರಗಳು ಜೇಡದ ಕಾಲುಗಳಂತೆ ಹರಡಿದ್ದವು. ನಡುವೆ ಕಪ್ಪು ಚುಕ್ಕೆಯೊಂದು ಮಿಸುಕಾಡಿತು. ಮಗ ಉಸಿರು ಬಿಗಿಹಿಡಿದು, "ಉಮ್ಮಾ, ಅದು ನನ್ನನ್ನು ನೋಡಿತು" ಎಂದು ಪಿಸುಗುಟ್ಟಿದ. ಎರಡು ಮೊಟ್ಟೆಗಳಲ್ಲಿ ಮಾತ್ರ ಏನೂ ಇರಲಿಲ್ಲ, ಬರೀ ಹಳದಿ ಬೆಳಕು. ಅವನ್ನು ತೆಗೆದಿಟ್ಟೆವು. ನೋಟ್ ಪುಸ್ತಕದಲ್ಲಿ ಬರೆಯಲಾಯಿತು: 'ಜೊಳ್ಳು - 2. ಉಳಿದದ್ದು - 9.'

"ಅವುಗಳಿಗೆ ಯಾಕೆ ಜೀವ ಬರಲಿಲ್ಲ?" ಎಂದು ಮಗಳು ಕೇಳಿದಳು. ಅವಳು ಹುಟ್ಟಿದ ಮೇಲೆ, ಮಗ ಹುಟ್ಟುವ ಮುಂಚೆ ನನಗೊಂದು ಗರ್ಭ ನಿಂತಿರಲಿಲ್ಲ. ಅದನ್ನು ಮಕ್ಕಳಿಗೆ ಹೇಳಿರಲಿಲ್ಲ. ಆ ಕತ್ತಲೆ ಕೋಣೆಯಲ್ಲಿ, ಕೈಯಲ್ಲಿ ಆ ಮೊಟ್ಟೆ ಹಿಡಿದುಕೊಂಡು ಮೊದಲ ಬಾರಿಗೆ ಮಗಳಿಗೆ ಹೇಳಿದೆ. ಅವಳು ಏನೂ ಮಾತಾಡಲಿಲ್ಲ, ನನಗೆ ಒತ್ತಿಕೊಂಡು ಕೂತಳು.

ಇಪ್ಪತ್ತನೆಯ ದಿನ ಸಂಜೆ ಉಮ್ಮ ಮಕ್ಕಳನ್ನು ಕರೆದು, "ಕಿವಿ ಇಡಿ" ಎಂದರು. ಮೊಟ್ಟೆಯ ಒಳಗಿಂದಲೇ ಚಿಯಾಂವ್ ಚಿಯಾಂವ್. ಹೇಂಟೆ ಸಣ್ಣ ದನಿಯಲ್ಲಿ ಉತ್ತರ ಕೊಡುತ್ತಿತ್ತು. ಮುಖ ನೋಡುವ ಮುಂಚೆಯೇ ತಾಯಿ ಮಕ್ಕಳ ಮಾತು ಶುರುವಾಗಿತ್ತು.

ಮೇ 3ರ ಬೆಳಿಗ್ಗೆ ಮೊದಲ ಮರಿ ಹೊರಬಂತು. ಒದ್ದೆ ಮುದ್ದೆಯಾಗಿದ್ದದ್ದು ಒಂದೆರಡು ಗಂಟೆಯಲ್ಲಿ ಒಣಗಿ ಹತ್ತಿಯ ಉಂಡೆಯಂತಾಯಿತು. ಳುಹರ್ ನಮಾಝಿನ ಹೊತ್ತಿಗೆ ಏಳು ಮರಿಗಳು. ಎಂಟನೆಯ ಮೊಟ್ಟೆಯಲ್ಲಿ ಬೆಳಿಗ್ಗೆಯೇ ಸಣ್ಣ ತೂತು ಬಿದ್ದಿತ್ತು. ಒಳಗಿಂದ ಪುಟ್ಟ ಕೊಕ್ಕು ಆಗೊಮ್ಮೆ ಈಗೊಮ್ಮೆ ಕಾಣಿಸುತ್ತಿತ್ತು. ಆದರೆ ಮುಂದೆ ಏನೂ ನಡೆಯುತ್ತಿರಲಿಲ್ಲ.

"ಯಾರೂ ಕೈ ಹಾಕಬಾರದು. ಅದರ ಕೆಲಸ ಅದು ಮಾಡಲಿ" ಎಂದು ಉಮ್ಮ ಎರಡು ಸಲ ಹೇಳಿದ್ದರು.

ಉಮ್ಮ ಮತ್ತು ನಾನು ಅಸರ್ ನಮಾಝಿಗೆ ನಿಂತಿದ್ದೆವು. ಸಲಾಂ ಹೇಳಿ ಮುಖ ತಿರುಗಿಸಿದರೆ ಮಗ ಬಾಗಿಲಲ್ಲಿ ನಿಂತಿದ್ದ. ಅವನ ಅಂಗೈಯಲ್ಲಿ ಒದ್ದೆ ಮರಿ. "ಉಮ್ಮಾ, ಅದು ಪಾಪ ಕಷ್ಟಪಡುತ್ತಿತ್ತು. ನಾನು ಬಾಗಿಲು ತೆಗೆದುಕೊಟ್ಟೆ" ಎಂದ. ಅವನ ಮುಖದಲ್ಲಿ ಎಂಥಾ ಸಂತೋಷ! ಬೆರಳಿನ ಸಂದಿಯಲ್ಲಿ ರಕ್ತದ ಗೆರೆ ಇದ್ದದ್ದನ್ನು ಅವನು ಇನ್ನೂ ನೋಡಿರಲಿಲ್ಲ.

ಮರಿಗೆ ಚಿಪ್ಪು ಒಡೆಯಲು ಅರ್ಧ ದಿನ, ಕೆಲವೊಮ್ಮೆ ಇಡೀ ದಿನವೇ ಬೇಕು. ಹೊರಗಿನಿಂದ ನೋಡುವವರಿಗೆ ಅದು ಸೋತು ಮಲಗಿದಂತೆ ಕಾಣುತ್ತದೆ. ಆದರೆ ಆ ಹೊತ್ತಿನಲ್ಲಿ ಅದು ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಹುಟ್ಟಿದ ಮೇಲೆ ಎರಡು ದಿನ ಏನೂ ತಿನ್ನದೆ ಬದುಕಲು ಅದೇ ಬುತ್ತಿ. ಒಳಪೊರೆಯ ನರಗಳಲ್ಲಿರುವ ರಕ್ತವೂ ಆಗಲೇ ಮೈಗೆ ಹಿಂದಿರುಗುತ್ತದೆ. ಅದಕ್ಕಿಂತ ಮೊದಲೇ ಚಿಪ್ಪು ಸುಲಿದರೆ ನರ ಹರಿದು ರಕ್ತ ಸುರಿಯುತ್ತದೆ. ಬಾಗಿಲು ತೆರೆಯುವ ಕೆಲಸ ಮರಿಯದ್ದೇ. ಅದಕ್ಕಾಗಿ ಅದರ ಕೊಕ್ಕಿನ ತುದಿಯಲ್ಲಿ ಸೃಷ್ಟಿಕರ್ತನು ಸಣ್ಣ ಮುಳ್ಳೊಂದನ್ನು ಇಟ್ಟಿದ್ದಾನೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಉದುರಿಹೋಗುತ್ತದೆ.

ಉಮ್ಮ ಮರಿಯನ್ನು ಹತ್ತಿಯಲ್ಲಿ ಸುತ್ತಿ ಒಲೆಯ ಬದಿಯಲ್ಲಿಟ್ಟರು. ಸುಬ್‌ಹಿ ಬಾಂಗಿನ ಹೊತ್ತಿಗೆ ನಾನೆದ್ದು ನೋಡಿದಾಗ ಅದು ತಣ್ಣಗಾಗಿತ್ತು. ಮಕ್ಕಳು ಮಲಗಿದ್ದರು.

ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಸುಳ್ಳು. ಮರಿಯನ್ನು ತೋಟದಾಚೆ ಎಸೆದು, "ಅದು ಉಳಿದವುಗಳ ಜೊತೆ ಸೇರಿಕೊಂಡಿತು, ಯಾವುದೆಂದು ಗೊತ್ತಾಗುವುದಿಲ್ಲ" ಎಂದುಬಿಟ್ಟರೆ? ಐದು ವರ್ಷದ ಮಗು ನಂಬುತ್ತದೆ. ಅವನ ಕೈಯಿಂದ ಒಂದು ಜೀವ ಹೋಯಿತೆಂದು ಹೇಳಲು ಯಾವ ತಾಯಿಗೆ ಮನಸ್ಸು ಬಂದೀತು?

ಆದರೆ ನನಗೊಂದು ಹಳೆಯ ನೋವಿತ್ತು. ನಾನು ಎಂಟು ವರ್ಷದವಳಿದ್ದಾಗ ಇದೇ ಮನೆಯಲ್ಲಿ ಒಂದು ಬಿಳಿ ಹುಂಜವಿತ್ತು. ನಾನು ಶಾಲೆಯಿಂದ ಬರುವಾಗ ಗದ್ದೆಯ ಬದುವಿನವರೆಗೆ ಓಡಿ ಬರುತ್ತಿತ್ತು. ಒಂದು ದಿನ ಅದು ಬರಲಿಲ್ಲ. ಕೇಳಿದರೆ ಅಜ್ಜಿ, "ನರಿ ಹಿಡಿದುಕೊಂಡು ಹೋಯಿತು" ಎಂದರು. ಆ ರಾತ್ರಿ ನೆಂಟರ ಜೊತೆ ಕೂತು ಅಕ್ಕಿ ರೊಟ್ಟಿ, ಕೋಳಿ ಸಾರು ಉಂಡೆ. ಎರಡು ದಿನ ಬಿಟ್ಟು ಬಚ್ಚಲ ಹಿಂದಿನ ಬೂದಿ ಗುಂಡಿಯಲ್ಲಿ ಬಿಳಿ ಪುಕ್ಕಗಳು ಸಿಕ್ಕಿದವು. ಹುಂಜ ಸತ್ತ ದುಃಖ ಕೆಲವು ದಿನಗಳಲ್ಲಿ ಹೋಯಿತು. ಆದರೆ ನನಗೆ ತಿಳಿಯದಂತೆ ನನಗೇ ಅದನ್ನು ತಿನ್ನಿಸಿದರು ಎಂಬುದು ಇಂದಿಗೂ ಹೋಗಿಲ್ಲ. ನನ್ನ ಅಜ್ಜಿ ನನ್ನನ್ನು ಪ್ರೀತಿಸಿದಷ್ಟು ಬೇರೆ ಯಾರೂ ಪ್ರೀತಿಸಿಲ್ಲ. ಆದರೂ ಆಮೇಲೆ ಅವರು ಏನು ಹೇಳಿದರೂ 'ನಿಜವಾ?' ಎಂಬ ಒಂದು ಸಣ್ಣ ಪ್ರಶ್ನೆ ನನ್ನೊಳಗೆ ಏಳುತ್ತಿತ್ತು.

ಮಗ ಎದ್ದ. ಉಮ್ಮ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಮರಿಯನ್ನು ತೋರಿಸಿದರು. ಅವನು ಬೆರಳಿನಿಂದ ಮುಟ್ಟಿ ನೋಡಿದ.

"ನಾನು ಕೊಂದೆನಾ ಅಜ್ಜಿ?"

"ಕೊಲ್ಲಬೇಕೆಂದು ನೀನು ಮಾಡಿದ್ದಲ್ಲ ಮಗಾ. ನಿನ್ನ ಮನಸ್ಸಿನಲ್ಲಿದ್ದದ್ದು ಅಲ್ಲಾಹನಿಗೆ ಗೊತ್ತು. ಆದರೆ ಆದದ್ದು ನಿನ್ನ ಕೈಯಿಂದ. ಎರಡೂ ನಿಜ."

ಅವನು ತುಂಬಾ ಹೊತ್ತು ಅತ್ತ. ನಾವು ಅಳಬೇಡ ಎನ್ನಲಿಲ್ಲ. ಹಲಸಿನ ಮರದ ಬುಡದಲ್ಲಿ ಅಕ್ಕ ತಮ್ಮ ಸೇರಿ ಸಣ್ಣ ಗುಂಡಿ ತೋಡಿದರು. ನಾನು ಅವರಿಗೆ ಅಬೂ ಉಮೈರ್ ಎಂಬ ಮಗುವಿನ ಕತೆ ಹೇಳಿದೆ. ಅನಸ್(ರ)ರ ಪುಟ್ಟ ತಮ್ಮನಾದ ಅವನ ಬಳಿ ಒಂದು ಸಣ್ಣ ಹಕ್ಕಿಯಿತ್ತು. ಅದು ಸತ್ತುಹೋದಾಗ ಮಗು ಬೇಸರದಲ್ಲಿ ಕೂತಿತ್ತು. ಪ್ರವಾದಿ(ಸ) ಆ ಮನೆಗೆ ಬಂದಾಗ ಮಗುವನ್ನು ದೊಡ್ಡವರನ್ನು ಕರೆಯುವಂತೆ ಪ್ರೀತಿಯಿಂದ ಕರೆದು ಅದರ ಹಕ್ಕಿಯ ಬಗ್ಗೆ ವಿಚಾರಿಸಿದರು. ಇಡೀ ಸಮುದಾಯದ ಹೊಣೆ ಹೆಗಲ ಮೇಲಿದ್ದವರಿಗೆ ಒಂದು ಮಗುವಿನ ಹಕ್ಕಿಯ ವಿಷಯ ಸಣ್ಣದೆನಿಸಲಿಲ್ಲ. 'ಹೋದರೆ ಹೋಯಿತು, ಇನ್ನೊಂದು ತರೋಣ' ಎಂದು ನಾವು ಎಷ್ಟು ಸಲ ಮಕ್ಕಳ ಬಾಯಿ ಮುಚ್ಚಿಸಿಲ್ಲ! ಮಗುವಿನ ದುಃಖಕ್ಕೂ ಒಂದು ಮರ್ಯಾದೆ ಇದೆ ಎಂಬುದನ್ನು ಈ ಹದೀಸ್ ನನಗೆ ಅಂದು ಹೊಸದಾಗಿ ಕಲಿಸಿತು.

ಒಂಬತ್ತನೆಯ ಮೊಟ್ಟೆ ಒಡೆಯಲೇ ಇಲ್ಲ. ಮಗಳು ಬರೆದಳು: 'ಮೊಟ್ಟೆಯೊಳಗೇ ಸತ್ತದ್ದು - 1. ತಮ್ಮ ಬಾಗಿಲು ತೆಗೆದದ್ದು - 1. ಉಳಿದದ್ದು - 7.' "ತಮ್ಮನ ಹೆಸರು ಬೇಡ" ಎಂದೆ. "ಇರಲಿ" ಎಂದು ಮಗನೇ ಹೇಳಿದ.

ಆ ದಿನಗಳಲ್ಲಿ ನನ್ನನ್ನೂ ನಾನು ನೋಡಿಕೊಂಡೆ. ಐದು ವರ್ಷದ ಮಗನ ಅಂಗಿಯ ಗುಂಡಿ ನಾನೇ ಹಾಕುತ್ತಿದ್ದೆ. ಬಾಯಿಗೆ ತುತ್ತು ಇಡುತ್ತಿದ್ದೆ. ತಂದೆ ಹತ್ತಿರವಿಲ್ಲದ ಮಕ್ಕಳೆಂಬ ಮರುಕಕ್ಕೆ ಅವರ ಪ್ರತಿಯೊಂದು ಚಿಪ್ಪನ್ನೂ ನಾನೇ ಸುಲಿದು ಕೊಡುತ್ತಿದ್ದೆ. ಮರುದಿನ ಅವನು ಗುಂಡಿ ಹಾಕಲು ಪರದಾಡುವಾಗ ಕೈ ಮುಂದಕ್ಕೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ಹತ್ತು ನಿಮಿಷ ಬೇಕಾಯಿತು. ಹಾಕಿದ.

ಏಳು ಮರಿಗಳ ಸಂಸಾರ ಅಂಗಳಕ್ಕಿಳಿಯಿತು. ಹೇಂಟೆ ಕಾಲಿನಿಂದ ಕೆದಕಿ, ಹುಳ ಸಿಕ್ಕಿದರೆ ತಾನು ತಿನ್ನದೆ ಕೊಕ್ಕಿನಿಂದ ಎತ್ತಿ ಬಿಟ್ಟು ಮರಿಗಳನ್ನು ಕರೆಯುತ್ತಿತ್ತು. ಆಕಾಶದಲ್ಲಿ ಗಿಡುಗ ಕಂಡರೆ ಒಂದು ಬಗೆಯ ಕೂಗು, ನೆಲದಲ್ಲಿ ಬೆಕ್ಕು ಕಂಡರೆ ಇನ್ನೊಂದು. ಮಕ್ಕಳು ಒಂದೇ ವಾರದಲ್ಲಿ ಆ ಎರಡು ಕೂಗುಗಳನ್ನು ಕಣ್ಣು ಮುಚ್ಚಿ ಗುರುತಿಸುತ್ತಿದ್ದರು. ಮಗ ಒಮ್ಮೆ ಒಂದು ಮರಿಯನ್ನು ಎತ್ತಿಕೊಂಡಾಗ ಹೇಂಟೆ ಹಾರಿಬಂದು ಅವನ ಮುಂಗೈ ಕುಕ್ಕಿ ರಕ್ತ ಬರಿಸಿತು. ಪ್ರಯಾಣದಲ್ಲಿ ಸಹಾಬಿಗಳು ಹಕ್ಕಿಯೊಂದರ ಎರಡು ಮರಿಗಳನ್ನು ಎತ್ತಿಕೊಂಡಾಗ ತಾಯಿ ಹಕ್ಕಿ ರೆಕ್ಕೆ ಬಡಿಯುತ್ತಾ ಸುತ್ತಿದ್ದು, ಪ್ರವಾದಿ(ಸ) ಅದನ್ನು ಕಂಡು ಮರಿಗಳನ್ನು ಹಿಂದಿರುಗಿಸಲು ಹೇಳಿದ್ದು ಅವನಿಗೆ ಮದ್ರಸದಲ್ಲಿ ಕೇಳಿದ ಕತೆ. ಈಗ ಅದರ ಅರ್ಥ ಅವನ ಮುಂಗೈ ಮೇಲಿತ್ತು.

ಉಮ್ಮ ಏಳನೆಯ ದಿನ ಮರಿಗಳ ಕಣ್ಣಿಗೆ ಕೊಕ್ಕರೆ ರೋಗದ ಲಸಿಕೆಯ ಹನಿ ಹಾಕಿಸಿದರು. ಹಿಂದೊಮ್ಮೆ ಆ ರೋಗ ಬಂದು ಒಂದೇ ವಾರದಲ್ಲಿ ಗೂಡು ಖಾಲಿಯಾದದ್ದನ್ನು ಅವರು ಮರೆತಿರಲಿಲ್ಲ. ಆದರೆ ಗಿಡುಗಕ್ಕೆ ಲಸಿಕೆ ಇಲ್ಲವಲ್ಲ. ಹತ್ತನೆಯ ದಿನ ನಮ್ಮ ಕಣ್ಣೆದುರೇ ಅದು ಒಂದು ಮರಿಯನ್ನು ಎತ್ತಿಕೊಂಡು ಹೋಯಿತು. ಮಗ ಕಲ್ಲು ಹಿಡಿದು ತೋಟದ ಕೊನೆಯವರೆಗೂ ಓಡಿದ. ಹಿಂದಿರುಗಿ ಬಂದಾಗ ಉಮ್ಮ, "ಅದರ ಗೂಡಿನಲ್ಲೂ ಬಾಯಿ ತೆರೆದು ಕಾಯುವ ಮರಿ ಇರಬಹುದು ಮಗಾ" ಎಂದರು. ಅವನಿಗೆ ಈ ಮಾತು ಹಿಡಿಸಲಿಲ್ಲ. ಮೇ ಕೊನೆಯ ಮಳೆಗೆ ತೋಯ್ದು ಇನ್ನೊಂದು ಮರಿ ಸತ್ತಿತು. ನಾವು ಶಾಲೆ ಆರಂಭಕ್ಕೆ ಮಂಗಳೂರಿಗೆ ಹೊರಡುವಾಗ ಪುಸ್ತಕದಲ್ಲಿ ಉಳಿದದ್ದು ಐದು.

ಆಮೇಲಿನ ಸುದ್ದಿ ಫೋನಿನಲ್ಲಿ. ಜುಲೈಯಲ್ಲಿ ಉಮ್ಮ, "ಕರಿ ಹೇಂಟೆ ಮಕ್ಕಳನ್ನು ಕುಕ್ಕಿ ಅಟ್ಟುತ್ತಿದ್ದಾಳೆ. ಇನ್ನು ನಿಮ್ಮ ಅನ್ನ ನೀವೇ ಹುಡುಕಿ ಎನ್ನುತ್ತಿದ್ದಾಳೆ" ಎಂದಾಗ ಮಗ ದಿಗಿಲಿನಿಂದ ನನ್ನ ಮುಖ ನೋಡಿದ. "ನೀವೂ ಹಾಗೆ ಮಾಡ್ತೀರಾ?" "ಇನ್ನೂ ಸ್ವಲ್ಪ ದೊಡ್ಡವನಾಗು, ನೋಡೋಣ" ಎಂದೆ. ಆಗಸ್ಟಿನಲ್ಲಿ ಒಂದನ್ನು ಮುಂಗುಸಿ ಹಿಡಿಯಿತು. ಉಳಿದದ್ದು ನಾಲ್ಕು. ಮೂರು ಹೇಂಟೆ, ಒಂದು ಹುಂಜ. ಕೆಂಪು ಕುತ್ತಿಗೆಯ ಆ ಹುಂಜಕ್ಕೆ ಮಗ 'ಕೆಂಪ' ಎಂದು ಹೆಸರಿಟ್ಟಿದ್ದ.

2014ರಲ್ಲಿ ದಸರಾ ರಜೆಯ ಸಮಯಕ್ಕೇ ಬಕ್ರೀದ್ ಬಂದಿತ್ತು. ನನ್ನ ಪತಿ ಎರಡು ವರ್ಷಗಳ ನಂತರ ರಜೆಯಲ್ಲಿ ಬಂದಿದ್ದರು. ಅಳಿಯ ಮನೆಗೆ ಬಂದರೆ ಊರ ಕೋಳಿ ಕೊಯ್ಯದೆ ಕಳಿಸುವ ರೂಢಿ ನಮ್ಮಲ್ಲಿಲ್ಲ. ಉಮ್ಮ ಕೆಂಪನನ್ನು ಅದಕ್ಕೆಂದೇ ಉಳಿಸಿದ್ದರು. ನನಗೆ ಅದು ಗೊತ್ತಿತ್ತು. ಮಕ್ಕಳಿಗೆ ಗೊತ್ತಿರಲಿಲ್ಲ.

ಹಿಂದಿನ ರಾತ್ರಿ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಬಿಳಿ ಹುಂಜದ ಕತೆಯನ್ನೂ ಹೇಳಿದೆ. ಮಗ ಎದ್ದು ನಿಂತ.

"ಮರಿಯನ್ನು ಕೊಂದದ್ದು ತಪ್ಪಾದರೆ ಇದು ತಪ್ಪಲ್ವಾ?"

ನನ್ನ ಪತಿ ನನ್ನ ಮುಖ ನೋಡಿದರು. ನಾನು ತಿಳಿದಷ್ಟು ಹೇಳಿದೆ. ಅಲ್ಲಾಹನು ನಮಗೆ ಇದನ್ನು ಅನುಮತಿಸಿದ್ದಾನೆ. ಆದರೆ ಸುಮ್ಮನೆ ಅಲ್ಲ. ಅವನ ಹೆಸರು ಹೇಳಿಯೇ ಕೊಯ್ಯಬೇಕು. ಏಕೆಂದರೆ ಆ ಜೀವ ನಮ್ಮದಲ್ಲ, ಅವನದ್ದು. ಕತ್ತಿ ಚೂಪಾಗಿರಬೇಕು, ಪ್ರಾಣಿಗೆ ನೋವು ಕಡಿಮೆಯಾಗಬೇಕು, ಅದರ ಎದುರು ಕತ್ತಿ ಮಸೆಯಬಾರದು, ಒಂದರ ಮುಂದೆ ಇನ್ನೊಂದನ್ನು ಕೊಯ್ಯಬಾರದು. ತಿನ್ನಲು ಬೇಕಾದಷ್ಟೇ, ಆಟಕ್ಕಲ್ಲ.

"ಬೇಡ ಅಂದರೆ ಬಿಡ್ತೀರಾ?" ಎಂದ.

ಉಮ್ಮ ಹೇಳಿದರು: "ಕೆಂಪನನ್ನು ಬಿಡಬಹುದು ಮಗಾ. ಆಗ ನಿನ್ನ ಮಾಮ ಪೇಟೆಯಿಂದ ಬೇರೆ ಕೋಳಿ ತರುತ್ತಾನೆ. ಅದೂ ಒಂದು ದಿನ ಮರಿಯಾಗಿತ್ತು. ಅದಕ್ಕೆ ಯಾರೂ ಹೆಸರಿಡಲಿಲ್ಲ ಅಷ್ಟೇ."

ಪೇಟೆಯ ಆ ಬ್ರಾಯ್ಲರ್ ಕೋಳಿ ಐದಾರು ವಾರಗಳಲ್ಲೇ ಮಾಂಸಕ್ಕೆ ತಯಾರಾಗುತ್ತದೆ. ಅದು ತಾಯಿಯ ರೆಕ್ಕೆಯನ್ನಾಗಲೀ ಬಿಸಿಲನ್ನಾಗಲೀ ಕಂಡಿರುವುದಿಲ್ಲ. ಮೊಟ್ಟೆ ಕೋಳಿಗಳ ತಳಿಯಲ್ಲಂತೂ ಹುಂಜ ಮರಿಗಳಿಂದ ಲಾಭವಿಲ್ಲವೆಂದು ಹುಟ್ಟಿದ ದಿನವೇ ಕೊಂದುಬಿಡುವ ಕ್ರಮ ಎಷ್ಟೋ ದೇಶಗಳಲ್ಲಿ ನಡೆದಿದೆ. ಜರ್ಮನಿ 2022ರಲ್ಲಿ ಅದನ್ನು ನಿಷೇಧಿಸಿತು. ಕಪ್ಪು ಚೀಲದಲ್ಲಿ ಮನೆಗೆ ಬರುವ ಕೋಳಿಗಾಗಿ ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಅತ್ತಿರಲಿಲ್ಲ. ಕೆಂಪ ಐದು ತಿಂಗಳು ಅಂಗಳದಲ್ಲಿ ತಲೆಯೆತ್ತಿ ಬದುಕಿದ್ದ.

ಮಗ 'ಸರಿ' ಎನ್ನಲಿಲ್ಲ. ಒಪ್ಪಿಗೆ ಕೊಟ್ಟನೆಂದು ನಾನು ಬರೆದರೆ ಅದು ಇನ್ನೊಂದು ಸುಳ್ಳಾದೀತು. ತೀರ್ಮಾನ ದೊಡ್ಡವರದ್ದೇ. ಅವನು ಕೇಳಿದ್ದು ಒಂದೇ: "ನೀರು ನಾನೇ ಕೊಡ್ತೇನೆ."

ಬೆಳಿಗ್ಗೆ ಗೆರಟೆಯಲ್ಲಿ ನೀರು ತಂದು ಕೆಂಪನ ಮುಂದಿಟ್ಟ. ಅದು ಕುಡಿದು ಕುತ್ತಿಗೆ ಮೇಲೆತ್ತುವವರೆಗೂ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ಆಮೇಲೆ ಒಳಗೆ ಹೋಗಿ ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡ. ಹೊರಗಿನಿಂದ 'ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್' ಎಂಬ ತಂದೆಯ ದನಿ ಕೇಳಿಸಿತು. ಆ ದನಿ ಸ್ವಲ್ಪ ನಡುಗಿದ್ದು ನನಗೆ ಗೊತ್ತಾಯಿತು. ಎಷ್ಟೋ ಸಲ ಕೋಳಿ ಕೊಯ್ದವರು ಅವರು. ಅಂದು ಮಾತ್ರ ಊಟಕ್ಕೆ ಕೂತು, "ಇಷ್ಟು ವರ್ಷ ಬಿಸ್ಮಿಲ್ಲಾ ಬಾಯಲ್ಲಿ ಹೇಳುತ್ತಿದ್ದೆ" ಎಂದಷ್ಟೇ ಹೇಳಿದರು.

ಮಗ ಅಂದು ಅಕ್ಕಿ ರೊಟ್ಟಿಯನ್ನು ಕಾಯಿಹಾಲು, ಬೆಲ್ಲದ ಜೊತೆ ತಿಂದ. ಯಾರೂ ಒತ್ತಾಯಿಸಲಿಲ್ಲ, ಯಾರೂ ಗೇಲಿ ಮಾಡಲಿಲ್ಲ. ಮಗಳು ಒಂದು ತುಂಡು ತಿಂದು, ಪುಸ್ತಕ ತಂದು, ಕೊನೆಯ ಪುಟ ಬರೆದಳು. ಅದು ಈಗಲೂ ನನ್ನ ಬಳಿ ಇದೆ:

'ಮೊಟ್ಟೆ - 11. ಜೊಳ್ಳು - 2. ಮೊಟ್ಟೆಯೊಳಗೇ ಸತ್ತದ್ದು - 1. ತಮ್ಮ ಬಾಗಿಲು ತೆಗೆದದ್ದು - 1. ಗಿಡುಗ - 1. ಮಳೆ - 1. ಮುಂಗುಸಿ - 1. ನಾವು - 1. ಉಳಿದದ್ದು - 3.'

ಗಿಡುಗ, ಮಳೆ, ಮುಂಗುಸಿಯ ಸಾಲಿನಲ್ಲೇ 'ನಾವು'. ನರಿಯ ಹೆಸರು ಹೇಳದೆ ಬರೆದ ಲೆಕ್ಕ. ಎಂಟು ವರ್ಷದ ಹುಡುಗಿ ಅಷ್ಟು ನೇರವಾಗಿ ಬರೆದದ್ದನ್ನು ದೊಡ್ಡವರಾದ ನಾವು ನಮ್ಮ ಲೆಕ್ಕದ ಪುಸ್ತಕಗಳಲ್ಲಿ ಬರೆಯುತ್ತೇವೆಯೇ?

ಕೆಲವು ತಿಂಗಳ ಬಳಿಕ ಮಗ ಮತ್ತೆ ಕೋಳಿ ತಿನ್ನತೊಡಗಿದ. ಈಗ ಕಾಲೇಜಿಗೆ ಹೋಗುವ ಹುಡುಗ. ಆದರೆ ತಟ್ಟೆಯಲ್ಲಿ ಒಂದು ತುಂಡನ್ನೂ ಬಿಟ್ಟು ಏಳುವುದಿಲ್ಲ. ಮದುವೆ ಮನೆಗಳಲ್ಲಿ ಅರ್ಧ ತಿಂದು ಬಿಟ್ಟ ಬಿರಿಯಾನಿಯ ರಾಶಿ ಕಂಡರೆ ಅವನ ಮುಖ ಬಾಡುತ್ತದೆ. ನಾನು ಕಾರಣ ಕೇಳುವುದಿಲ್ಲ, ಅವನೂ ಹೇಳುವುದಿಲ್ಲ.

2021ರಲ್ಲಿ ಉಮ್ಮ ತೀರಿಕೊಂಡರು. ಮಗನಿಗೆ ಹನ್ನೆರಡು ವರ್ಷ. ಮಕ್ಕಳನ್ನು ಮಯ್ಯತ್‌ನಿಂದ ದೂರವಿಡಿ, ಹೆದರುತ್ತಾರೆ ಎಂದು ಬಂಧುಗಳು ಹೇಳಿದರು. ಮಗ ಬಂದು ಅಜ್ಜಿಯ ಪಕ್ಕದಲ್ಲಿ ಕೂತ. ಹಣೆ ಮುಟ್ಟಿ ನೋಡಿದ. 'ನಿದ್ದೆ ಹೋಗಿದ್ದಾರೆ' ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಗಂಡಸರ ಜೊತೆ ಹೋಗಿ ಮೂರು ಹಿಡಿ ಮಣ್ಣು ಹಾಕಿ ಬಂದ. ರಾತ್ರಿ ನನ್ನ ಮಡಿಲಲ್ಲಿ ಮಲಗಿ, ಹಲಸಿನ ಬುಡದಲ್ಲಿ ಅತ್ತಷ್ಟೇ ಹೊತ್ತು ಅತ್ತ.

ಎಲ್ಲರ ಮನೆಯಲ್ಲೂ ಅಂಗಳವಿಲ್ಲ, ಕೋಳಿ ಸಾಕಲು ಆಗುವುದಿಲ್ಲ. ಅದು ನನಗೂ ಗೊತ್ತು. ಆದರೆ ಕಿಟಕಿಯಲ್ಲಿ ಪಾರಿವಾಳ ಗೂಡು ಕಟ್ಟುತ್ತದೆ, ಮೆಟ್ಟಿಲ ಕೆಳಗೆ ಬೆಕ್ಕು ಮರಿ ಹಾಕುತ್ತದೆ, ರಜೆಯಲ್ಲಿ ಹೋಗಲು ಯಾರದ್ದಾದರೂ ಒಂದು ಹಳ್ಳಿ ಮನೆ ಇರುತ್ತದೆ. ಮಕ್ಕಳು ಅಲ್ಲಿ ನಿಂತು ನೋಡುತ್ತಾರೆ. ಪ್ರಶ್ನೆ ಕೇಳುತ್ತಾರೆ. ಆಗ ನಮ್ಮ ನಾಲಿಗೆಯ ತುದಿಗೆ ಒಂದು ನರಿ ಬಂದು ಕೂರುತ್ತದೆ. ಅದನ್ನು ಅಟ್ಟಿಬಿಡಬೇಕು. ಹುಟ್ಟು ಸಾವುಗಳ ವಿಷಯದಲ್ಲಿ ಮಕ್ಕಳಿಗೆ ನಿಜ ಹೇಳಿದರೆ ಅವರು ಅಳುತ್ತಾರೆ, ಅದು ಸರಿ. ಅಳುವಾಗ ಒರಗಲು ನಮ್ಮ ಮಡಿಲಿದ್ದರೆ ಸಾಕು.

ಮೊನ್ನೆ ತವರಿಗೆ ಹೋಗಿದ್ದೆ. ಈಗ ಅಲ್ಲಿ ತಮ್ಮನ ಹೆಂಡತಿ ಕೋಳಿ ಸಾಕುತ್ತಾಳೆ. ಹಿತ್ತಿಲ ಕೋಣೆಯ ಬುಟ್ಟಿಯಲ್ಲಿ ಹೇಂಟೆಯೊಂದು ಕಾವಿಗೆ ಕೂತಿತ್ತು. ಅದು ನಮ್ಮ ಆ ಮೂರು ಹೇಂಟೆಗಳ ವಂಶದ್ದೇ ಇರಬೇಕು. ಅದು ಎದ್ದು ನೀರಿಗೆ ಹೋದಾಗ ಒಂದು ಮೊಟ್ಟೆಯನ್ನೆತ್ತಿ ಮುಚ್ಚಿದ ರೆಪ್ಪೆಗೆ ಒತ್ತಿಕೊಂಡೆ. ಬೆಚ್ಚಗಿತ್ತು.